ಮನೆಯ ಕಂಪ್ಯೂಟರಿಗೆ ಕಿರಿಕಿರಿಯಿಲ್ಲದ ಉಚಿತ ಆ್ಯಂಟಿವೈರಸ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರ ಮತ್ತು ನೆರೆಹೊರೆಯವರ ಕಂಪ್ಯೂಟರುಗಳನ್ನು ನೋಡಿಕೊಡುವ ನನಗೆ ವರ್ಷಗಳಿಂದ ಎದುರಾಗುತ್ತಿರುವ ಪ್ರಶ್ನೆಗಳು ಇವು. ವಿಂಡೋಸ್ 10 ಅಥವಾ 11 ಇರುವ ಒಂದು ಲ್ಯಾಪ್‌ಟಾಪ್ ಇಲ್ಲವೆ ಡೆಸ್ಕ್‌ಟಾಪ್, ಅದರಲ್ಲಿ ಮಕ್ಕಳ ಪ್ರಾಜೆಕ್ಟ್, ಬ್ಯಾಂಕಿನ ಕೆಲಸ, ಮದುವೆ ಮುಂಜಿಯ ಫೋಟೋಗಳು, ಆಗೊಮ್ಮೆ ಈಗೊಮ್ಮೆ ಪಹಣಿ ಅಥವಾ ಕರೆಂಟ್ ಬಿಲ್ಲು, ಇಷ್ಟು ಬಳಕೆಯಿರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ. ಕಚೇರಿಯ ಕಂಪ್ಯೂಟರುಗಳ ಲೆಕ್ಕವೇ ಬೇರೆ.

ಪ್ರಶ್ನೆ: ಯಾವ ಆ್ಯಂಟಿವೈರಸ್ ಹಾಕಿಕೊಳ್ಳಬೇಕು? ಒಂದೇ ಮಾತಿನಲ್ಲಿ ಹೇಳಿ.

ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ವಿಂಡೋಸ್ ಜೊತೆಯಲ್ಲೇ ಬಂದಿರುವ ಮೈಕ್ರೋಸಾಫ್ಟ್ ಡಿಫೆಂಡರ್ ಚಾಲೂ ಇದೆಯೇ ಎಂದು ನೋಡಿಕೊಂಡರೆ ಹೆಚ್ಚಿನ ಮನೆಗಳಿಗೆ ಅಷ್ಟು ಸಾಕು. ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಎಂದು ಹುಡುಕಿ ತೆರೆದರೆ ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಎಂಬ ಭಾಗದಲ್ಲಿ ಹಸಿರು ಗುರುತು ಕಾಣಬೇಕು. ಕಂಡರೆ ನಿಮ್ಮ ಆಯ್ಕೆಯ ಕೆಲಸ ಮುಗಿಯಿತು. ಉಳಿದ ಉತ್ತರಗಳು ಹಸಿರು ಕಾಣದವರಿಗೆ, ಕಂಡರೂ ನಂಬಿಕೆ ಬಾರದವರಿಗೆ.

ಪ್ರಶ್ನೆ: ಡಿಫೆಂಡರ್ ಲೆಕ್ಕಕ್ಕಿಲ್ಲ ಎಂದು ಕಂಪ್ಯೂಟರ್ ಅಂಗಡಿಯವರು ಹೇಳುತ್ತಾರಲ್ಲ?

ಹತ್ತು ಹನ್ನೆರಡು ವರ್ಷಗಳ ಹಿಂದೆ ಆ ಮಾತು ಸುಳ್ಳಾಗಿರಲಿಲ್ಲ. ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡುಕೊಂಡು ಅದರ ತಂತ್ರಾಂಶವನ್ನು ಡಿಫೆಂಡರ್ ಎಂದು ಹೊರತಂದಾಗ ಅದು ಕೇವಲ ಗೂಢಚಾರ ತಂತ್ರಾಂಶಗಳನ್ನು ಹುಡುಕುತ್ತಿತ್ತು, ವೈರಸ್ಸುಗಳನ್ನಲ್ಲ. 2009ರಲ್ಲಿ ಸೆಕ್ಯುರಿಟಿ ಎಸೆನ್ಶಿಯಲ್ಸ್ ಎಂಬ ಉಚಿತ ಆ್ಯಂಟಿವೈರಸ್ ಬಂದಿತು. ಜನ ಅದನ್ನು ಮೆಚ್ಚಿದ್ದು ಮುಖ್ಯವಾಗಿ ಅದರ ಮೌನಕ್ಕಾಗಿ. ಆದರೆ ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿರುವ ಎವಿ ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆ 2012ರ ಕೊನೆಯಲ್ಲಿ ಅದಕ್ಕೆ ಪ್ರಮಾಣಪತ್ರ ಕೊಡಲಿಲ್ಲ. ಅಂಗಡಿಯವರ ಅಭಿಪ್ರಾಯ ಅಲ್ಲಿಗೇ ನಿಂತುಬಿಟ್ಟಿದೆ. ವಿಂಡೋಸ್ 8ರಿಂದ ಡಿಫೆಂಡರ್ ಪೂರ್ಣ ಪ್ರಮಾಣದ ಆ್ಯಂಟಿವೈರಸ್ ಆಗಿ ವ್ಯವಸ್ಥೆಯೊಳಗೇ ಸೇರಿಕೊಂಡಿತು; ಇತ್ತೀಚಿನ ವರ್ಷಗಳಲ್ಲಿ ಅದೇ ಎವಿ ಟೆಸ್ಟ್, ರಕ್ಷಣೆ, ವೇಗ ಮತ್ತು ಬಳಕೆಗೆ ತಲಾ 6ರಂತೆ ಒಟ್ಟು 18 ಅಂಕಗಳಿಗೆ ನಡೆಸುವ ಪರೀಕ್ಷೆಯಲ್ಲಿ ಡಿಫೆಂಡರನ್ನು ಮತ್ತೆ ಮತ್ತೆ ಮೇಲಿನ ಸಾಲಿನಲ್ಲೇ ಇರಿಸುತ್ತಿದೆ.

ಅದಕ್ಕೆ ಕೊರತೆಗಳಿಲ್ಲವೆಂದಲ್ಲ. ಗುರುತಿಸುವ ಕೆಲಸದ ಒಂದು ದೊಡ್ಡ ಪಾಲನ್ನು ಅದು ಅಂತರ್ಜಾಲದ ಆಚೆಯಿರುವ ತನ್ನ ಸರ್ವರುಗಳಿಗೆ ಕೇಳಿ ಮಾಡುವುದರಿಂದ, ನೆಟ್ ಇಲ್ಲದಾಗ ಅದರ ಶಕ್ತಿ ಕುಂದುತ್ತದೆ. ತಿಂಗಳುಗಟ್ಟಲೆ ನೆಟ್ ಕಾಣದೆ ಪೆನ್‌ಡ್ರೈವ್ ಮೇಲೆಯೇ ನಡೆಯುವ ಹಳ್ಳಿಮನೆಯ ಕಂಪ್ಯೂಟರಿಗೆ ನಾನು ಬೇರೆ ಸಲಹೆ ಕೊಟ್ಟೇನು.

ಪ್ರಶ್ನೆ: ಉಚಿತವಾಗಿ ಕೊಡುವ ಕಂಪನಿಗಳಿಗೆ ಗಿಟ್ಟುವುದೇನು?

ಇದು ಎಲ್ಲರೂ ಮೊದಲು ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ. ಹೆಚ್ಚಿನವು ಉಚಿತ ಆವೃತ್ತಿಯನ್ನು ದುಡ್ಡಿನ ಆವೃತ್ತಿಯ ಅಂಗಡಿಬಾಗಿಲಾಗಿ ಬಳಸುತ್ತವೆ. ಪರದೆಯ ಮೂಲೆಯಲ್ಲಿ ಏಳುವ ‘ನಿಮ್ಮ ಗೌಪ್ಯತೆ ಅಪಾಯದಲ್ಲಿದೆ’, ‘800 ಅನಗತ್ಯ ಕಡತಗಳು ಸಿಕ್ಕಿವೆ’ ಎಂಬ ಚೀಟಿಗಳು ಆ ಅಂಗಡಿಯ ಕೂಗು. ಕಿರಿಕಿರಿ ಎಂಬುದು ತಂತ್ರಾಂಶದ ದೋಷವಲ್ಲ, ಅದರ ವ್ಯಾಪಾರದ ದಾರಿ ಎಂದು ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ. ಕೂಗುವುದಷ್ಟೇ ಆದರೆ ಸಹಿಸಬಹುದು. ಕೆಲವರು ಅದಕ್ಕಿಂತ ಮುಂದೆ ಹೋದರು.

ಅವಾಸ್ಟ್ ಕಂಪನಿಯ ಉಪಸಂಸ್ಥೆಯಾದ ಜಂಪ್‌ಶಾಟ್, ಆ್ಯಂಟಿವೈರಸ್ ಬಳಸುತ್ತಿದ್ದವರು ಯಾವ ಯಾವ ಜಾಲತಾಣಗಳಿಗೆ ಹೋದರು, ಏನನ್ನು ಹುಡುಕಿದರು ಎಂಬ ಮಾಹಿತಿಯನ್ನು ಬೇರೆ ಕಂಪನಿಗಳಿಗೆ ಮಾರುತ್ತಿದ್ದುದು 2020ರ ಜನವರಿಯಲ್ಲಿ ಪತ್ರಕರ್ತರ ತನಿಖೆಯಿಂದ ಬಯಲಾಯಿತು. ಅದೇ ತಿಂಗಳ ಕೊನೆಗೆ ಜಂಪ್‌ಶಾಟ್‌ಗೆ ಬೀಗ ಬಿದ್ದಿತು. ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ ಈ ಪ್ರಕರಣದಲ್ಲಿ ಅವಾಸ್ಟ್ 1.65 ಕೋಟಿ ಡಾಲರ್, ಎಂದರೆ ಆಗಿನ ದರದಲ್ಲಿ ಸುಮಾರು 137 ಕೋಟಿ ರೂಪಾಯಿ ಕಟ್ಟಬೇಕೆಂದು ಹೇಳಿತು. ಬಾಗಿಲು ಕಾಯಲು ನಿಲ್ಲಿಸಿದವನೇ ಮನೆಗೆ ಯಾರು ಬಂದರು ಹೋದರು ಎಂಬ ಪಟ್ಟಿಯನ್ನು ಬೀದಿಯಲ್ಲಿ ಮಾರಿದ ಹಾಗೆ. ಇನ್ನು 2021ರಲ್ಲಿ ನಾರ್ಟನ್, ಅದರ ಬೆನ್ನಿಗೆ ಅವೀರಾ, ಬಳಸುವವರ ಕಂಪ್ಯೂಟರ್ ಸುಮ್ಮನಿದ್ದಾಗ ಕ್ರಿಪ್ಟೋ ನಾಣ್ಯ ಗಣಿಗಾರಿಕೆ (ಕಂಪ್ಯೂಟರಿನ ಲೆಕ್ಕಾಚಾರದಿಂದ ಡಿಜಿಟಲ್ ನಾಣ್ಯ ಗಳಿಸುವುದು) ಮಾಡುವ ಸೌಲಭ್ಯವನ್ನು ತಮ್ಮ ತಂತ್ರಾಂಶದೊಳಗೆ ಸೇರಿಸಿದವು. ಬಳಸುವವರು ಒಪ್ಪಿದರೆ ಮಾತ್ರ ಅದು ಚಾಲೂ ಆಗುತ್ತಿತ್ತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ವೈರಸ್ ತಡೆಯುವ ತಂತ್ರಾಂಶದಲ್ಲಿ ಅದಕ್ಕೇನು ಕೆಲಸ ಎಂಬ ಪ್ರಶ್ನೆ ಉಳಿಯುತ್ತದೆ.

ಡಿಫೆಂಡರ್ ಮಾಡುವ ಮೈಕ್ರೋಸಾಫ್ಟ್‌ಗೆ ಪರಮಾರ್ಥದ ಹಂಬಲವೇನಿಲ್ಲ. ವಿಂಡೋಸ್‌ನ ಬೆಲೆಯಲ್ಲೇ ಅದರ ಖರ್ಚು ಸೇರಿರುವುದರಿಂದ ದಿನಾ ನಿಮ್ಮೆದುರು ಕೂಗುವ ಅಗತ್ಯ ಅದಕ್ಕೆ ಕಡಿಮೆ, ಅಷ್ಟೆ.

ಪ್ರಶ್ನೆ: ಅವಾಸ್ಟ್, ಎವಿಜಿ, ಅವೀರಾ: ಈ ಮೂರರಲ್ಲಿ ಯಾವುದು ಒಳ್ಳೆಯದು?

ಮೂರೂ ಈಗ ಒಂದೇ ಮನೆಯವು. ಅವಾಸ್ಟ್ 2016ರಲ್ಲಿ ಎವಿಜಿಯನ್ನು ಕೊಂಡುಕೊಂಡಿತು. ನಾರ್ಟನ್ ಕಂಪನಿ 2021ರ ಆರಂಭದಲ್ಲಿ ಅವೀರಾವನ್ನೂ 2022ರ ಸೆಪ್ಟೆಂಬರಿನಲ್ಲಿ ಅವಾಸ್ಟನ್ನೂ ಸೇರಿಸಿಕೊಂಡು ಜೆನ್ ಡಿಜಿಟಲ್ ಎಂದು ಹೆಸರು ಬದಲಿಸಿಕೊಂಡಿತು. ವೈರಸ್ ಹಿಡಿಯುವ ಶಕ್ತಿಯಲ್ಲಿ ಇವು ಸೋತವಲ್ಲ, ಪರೀಕ್ಷೆಗಳಲ್ಲಿ ಚೆನ್ನಾಗಿಯೇ ಅಂಕ ಪಡೆಯುತ್ತವೆ. ಮೌನವನ್ನು ಬಯಸುವವರಿಗೆ ಮಾತ್ರ ಹೇಳಿಸಿದವಲ್ಲ. ಹಾಕಿಕೊಳ್ಳಲೇಬೇಕೆಂದಿದ್ದರೆ ಇನ್‌ಸ್ಟಾಲ್ ಮಾಡುವಾಗ ದೊಡ್ಡ ಗುಂಡಿಯನ್ನು ಒತ್ತದೆ, ಕೆಳಗೆ ಸಣ್ಣಕ್ಷರದಲ್ಲಿರುವ ‘ಕಸ್ಟಮೈಸ್’ ಒತ್ತಿ, ಬ್ರೌಸರ್, ಕ್ಲೀನರ್, ವಿಪಿಎನ್ ಮುಂತಾದ ಬಾಲಂಗೋಚಿಗಳ ಮುಂದಿನ ಗುರುತುಗಳನ್ನೆಲ್ಲ ತೆಗೆದುಹಾಕಿ.

ಪ್ರಶ್ನೆ: ಹಾಗಾದರೆ ಬಿಟ್‌ಡಿಫೆಂಡರ್, ಕ್ಯಾಸ್ಪರ್‌ಸ್ಕಿ?

ಡಿಫೆಂಡರ್ ಬೇಡವೆನ್ನುವವರಿಗೆ ನಾನು ಮೊದಲು ಸೂಚಿಸುವುದು ರುಮೇನಿಯಾದ ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿಯನ್ನು. ಖಾತೆ ತೆರೆದು ಲಾಗಿನ್ ಆಗಬೇಕು ಎಂಬುದೊಂದು ಗೋಳು. ಒಮ್ಮೆ ಆದಮೇಲೆ ಅದು ಅಷ್ಟಾಗಿ ಮಾತಾಡುವುದಿಲ್ಲ. ಕ್ಯಾಸ್ಪರ್‌ಸ್ಕಿಯ ತಾಂತ್ರಿಕ ಬಲದ ಬಗ್ಗೆ ತಕರಾರಿಲ್ಲ, ಆದರೆ ಅದು ರಷ್ಯಾ ಮೂಲದ ಕಂಪನಿ ಎಂಬ ಕಾರಣಕ್ಕೆ ಅಮೆರಿಕ 2024ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. ಅಮೆರಿಕದಲ್ಲಿರುವ ಮಕ್ಕಳಿಗಾಗಿ ಇದನ್ನು ಓದುತ್ತಿರುವ ತಂದೆತಾಯಿಗಳು ಒಂದು ವಿಷಯ ಗಮನಿಸಬೇಕು: ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯ ಅನೇಕ ಕಂಪ್ಯೂಟರುಗಳಲ್ಲಿ ಕ್ಯಾಸ್ಪರ್‌ಸ್ಕಿ ತಾನಾಗಿ ಅಳಿದು, ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ ಬೇರೊಂದು ತಂತ್ರಾಂಶ ಬಂದು ಕುಳಿತಿತು. ಬೆಳಿಗ್ಗೆ ಎದ್ದು ನೋಡಿದವರು ಅದನ್ನೇ ವೈರಸ್ ಎಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಪ್ರಶ್ನೆ: ಆ್ಯಂಟಿವೈರಸ್ ದಿನಕ್ಕೆ ಇಪ್ಪತ್ತು ಸಲ ಎಚ್ಚರಿಕೆ ಕೊಡುತ್ತದೆ. ನಿಲ್ಲಿಸುವುದು ಹೇಗೆ?

ಮೊದಲು ಅದು ನಿಜವಾಗಿ ಆ್ಯಂಟಿವೈರಸ್ಸೇ ಹೌದೋ ಎಂದು ನೋಡಿ. ಕಳೆದ ವರ್ಷ ನನ್ನ ಸೋದರಮಾವನ ಮನೆಗೆ ಹೋಗಿದ್ದಾಗ ಅವರು ಪಹಣಿ ತೆಗೆಯಲು ಕಂಪ್ಯೂಟರ್ ಮುಂದೆ ಕೂತಿದ್ದರು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದರ ಮೇಲೊಂದು ಚೀಟಿಗಳು ಏಳುತ್ತಿದ್ದವು: ಐದು ವೈರಸ್ ಸಿಕ್ಕಿವೆ, ನಿಮ್ಮ ಚಂದಾ ಇವತ್ತೇ ಮುಗಿಯುತ್ತದೆ, ಈಗಲೇ ಒತ್ತಿ. ‘ಈ ಆ್ಯಂಟಿವೈರಸ್ ಕಾಟ ತಡೆಯಕ್ಕಾಗ್ತಿಲ್ಲ ಕಣೋ, ಕಿತ್ತು ಹಾಕು ಅತ್ಲಾಗೆ’ ಎಂದರು. ಕಿತ್ತು ಹಾಕಲು ಹೋದರೆ ಆ ಹೆಸರಿನ ತಂತ್ರಾಂಶ ಆ ಕಂಪ್ಯೂಟರಿನಲ್ಲಿ ಇರಲೇ ಇಲ್ಲ. ಚೀಟಿಯನ್ನು ಹತ್ತಿರದಿಂದ ದಿಟ್ಟಿಸಿದಾಗ ಅಂಚಿನಲ್ಲಿ ಸಣ್ಣದಾಗಿ ಕ್ರೋಮ್‌ನ ಗುರುತು, ಜೊತೆಗೆ ತಲೆಬುಡವಿಲ್ಲದ ಅಕ್ಷರಗಳ ಒಂದು ವೆಬ್ ವಿಳಾಸ ಕಂಡಿತು. ತಪ್ಪಿಹೋದ ಧಾರಾವಾಹಿಯ ಕಂತನ್ನು ಹುಡುಕಿ ತೆರೆದ ಯಾವುದೋ ತಾಣ ‘ಮುಂದೆ ನೋಡಲು ಅಲೋ ಒತ್ತಿ’ ಎಂದಿತ್ತು, ಅತ್ತೆ ಒತ್ತಿದ್ದರು. ಅಲ್ಲಿಂದಾಚೆಗೆ ಆ ತಾಣಕ್ಕೆ ಅವರ ಪರದೆಯ ಮೇಲೆ ಚೀಟಿ ಅಂಟಿಸುವ ಹಕ್ಕು ಸಿಕ್ಕಿತ್ತು.

ಇಂಥದ್ದನ್ನು ಯಾವ ಆ್ಯಂಟಿವೈರಸ್ಸೂ ಸರಿಪಡಿಸುವುದಿಲ್ಲ, ಏಕೆಂದರೆ ಇಲ್ಲಿ ವೈರಸ್ಸೇ ಇಲ್ಲ. ಇರುವುದು ನೀವೇ ಕೊಟ್ಟ ಒಪ್ಪಿಗೆ. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ನೋಟಿಫಿಕೇಶನ್ಸ್’ ತೆರೆದು, ಅನುಮತಿ ಪಡೆದ ತಾಣಗಳ ಪಟ್ಟಿಯಲ್ಲಿ ನಿಮಗೆ ಗೊತ್ತಿಲ್ಲದ್ದನ್ನೆಲ್ಲ ಅಳಿಸಿ, ಇನ್ನು ಮುಂದೆ ಯಾವ ತಾಣವೂ ಒಪ್ಪಿಗೆ ಕೇಳದಂತೆ ಮಾಡಿಬಿಡಿ. ಮಾವನ ಪಟ್ಟಿಯಲ್ಲಿ ಅಂಥವು ಹನ್ನೊಂದಿದ್ದವು. ಅಳಿಸಿದ್ದೇ ತಡ, ಅವರ ಪ್ರಕಾರ ಕಂಪ್ಯೂಟರ್ ‘ಹೊಸದರ ಹಾಗೆ’ ಆಯಿತು; ನಾನು ಹೊಸದಾಗಿ ಹಾಕಿದ್ದು ಏನೂ ಇರಲಿಲ್ಲ.

ಚೀಟಿ ನಿಜವಾಗಿ ಡಿಫೆಂಡರ್‌ನದೇ ಆಗಿದ್ದರೆ, ವಿಂಡೋಸ್ ಸೆಕ್ಯುರಿಟಿಯ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ವಿಭಾಗಕ್ಕೆ ಹೋಗಿ, ‘ಸ್ಕ್ಯಾನ್ ಮುಗಿಯಿತು, ಏನೂ ಸಿಗಲಿಲ್ಲ’ ಎಂಬಂಥ ವರದಿಗಳನ್ನು ನಿಲ್ಲಿಸಬಹುದು. ಅಪಾಯ ಸಿಕ್ಕಾಗ ತಿಳಿಸುವ ಸೂಚನೆಗಳನ್ನು ಹಾಗೆಯೇ ಬಿಡಿ.

ಪ್ರಶ್ನೆ: ಡಿಫೆಂಡರ್ ಇದ್ದರೂ ಕಂಪ್ಯೂಟರ್ ಆಗಾಗ ಎತ್ತಿನಗಾಡಿಯಾಗುತ್ತದೆ, ಏಕೆ?

ಟಾಸ್ಕ್ ಮ್ಯಾನೇಜರ್ ತೆರೆದಾಗ ‘ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್’ ಎಂಬ ಸಾಲು ಮೇಲೆ ನಿಂತಿದ್ದರೆ ಸ್ಕ್ಯಾನ್ ನಡೆಯುತ್ತಿದೆ ಎಂದರ್ಥ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರಗಳಲ್ಲಿ ಇದು ಎದ್ದು ಕಾಣುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ವಿಂಡೋಸ್ ಡಿಫೆಂಡರ್ ಎಂದು ಒಂದರೊಳಗೊಂದು ತೆರೆಯುತ್ತ ಹೋದರೆ ‘ಶೆಡ್ಯೂಲ್ಡ್ ಸ್ಕ್ಯಾನ್’ ಸಿಗುತ್ತದೆ. ಅದನ್ನು ನಿಮ್ಮ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಹೊಂದಿಸಿ. ಆದರೂ ನಿಜವಾದ ಪರಿಹಾರವೆಂದರೆ ಹಾರ್ಡ್‌ಡಿಸ್ಕ್ ಬದಲು ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿಸುವುದು. ಆ್ಯಂಟಿವೈರಸ್ಸಿನ ಚಂದಾಕ್ಕೆ ವರ್ಷ ವರ್ಷ ಕೊಡುವ ದುಡ್ಡನ್ನು ಒಂದೆರಡು ವರ್ಷ ಉಳಿಸಿದರೆ ಅದರ ಖರ್ಚು ಹುಟ್ಟುತ್ತದೆ.

ಪ್ರಶ್ನೆ: ಎರಡು ಆ್ಯಂಟಿವೈರಸ್ ಹಾಕಿದರೆ ರಕ್ಷಣೆಯೂ ಎರಡರಷ್ಟಾಗುವುದಿಲ್ಲವೇ?

ಇಲ್ಲ. ಇಬ್ಬರೂ ಒಂದೇ ಕಡತವನ್ನು ಏಕಕಾಲಕ್ಕೆ ಹಿಡಿದೆಳೆಯುತ್ತಾರೆ. ಬೇರೊಂದು ಆ್ಯಂಟಿವೈರಸ್ ಬಂದ ಕೂಡಲೇ ಡಿಫೆಂಡರ್ ತಾನಾಗಿಯೇ ಹಿಂದೆ ಸರಿಯುತ್ತದೆ, ಅದನ್ನು ತೆಗೆದರೆ ತಾನಾಗಿಯೇ ಮರಳುತ್ತದೆ. ಅನುಮಾನ ಬಂದಾಗ ಮಾತ್ರ ಒಮ್ಮೆ ಓಡಿಸಿ ಮುಚ್ಚುವಂಥ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿಯನ್ನು ಜೊತೆಗಿಟ್ಟುಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಹೊಸ ಲ್ಯಾಪ್‌ಟಾಪ್ ಜೊತೆ ಒಂದು ಆ್ಯಂಟಿವೈರಸ್ ಬಂದಿದೆ, ಈಗ ದುಡ್ಡು ಕೇಳುತ್ತಿದೆ.

ಅದು ಲ್ಯಾಪ್‌ಟಾಪ್ ತಯಾರಕರೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಬಂದ, ಕೆಲವೇ ತಿಂಗಳು ಬಾಳುವ ಮಾದರಿ ಆವೃತ್ತಿ. ಅವಧಿ ಮುಗಿದದ್ದನ್ನು ಹಾಗೆಯೇ ಬಿಟ್ಟರೆ ಅದು ಕಾಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ಸೆಟ್ಟಿಂಗ್ಸ್‌ನಿಂದ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಡಿಫೆಂಡರ್ ಹಸಿರಾಯಿತೇ ನೋಡಿ. ಪೂರ್ತಿ ಹೋಗದೆ ಹಟ ಹಿಡಿದರೆ ಮ್ಯಾಕಫೀ, ನಾರ್ಟನ್, ಅವಾಸ್ಟ್ ಮುಂತಾದವರು ತಮ್ಮದನ್ನು ಬುಡಸಮೇತ ತೆಗೆಯಲೆಂದೇ ಪ್ರತ್ಯೇಕ ಸಾಧನಗಳನ್ನು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿದ್ದಾರೆ.

ಪ್ರಶ್ನೆ: ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದಮೇಲೆ ಪೆನ್‌ಡ್ರೈವ್‌ನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಫೈಲುಗಳು ಹೋದವೇ?

ಸಾಮಾನ್ಯವಾಗಿ ಹೋಗಿರುವುದಿಲ್ಲ, ಅಡಗಿರುತ್ತವೆ. ಈ ಬಗೆಯ ವರ್ಮ್ (ತಾನಾಗಿ ಹರಡುವ ಕುತಂತ್ರಾಂಶ) ನಿಮ್ಮ ನಿಜವಾದ ಫೋಲ್ಡರುಗಳನ್ನು ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ‘ಮಗಳ ಅಂಕಪಟ್ಟಿ’ ಎಂದು ನೀವು ಎರಡು ಸಲ ಒತ್ತಿದಾಗ ಫೋಲ್ಡರೂ ತೆರೆಯುತ್ತದೆ, ಹಿಂದಿನಿಂದ ವರ್ಮೂ ಓಡುತ್ತದೆ, ಹೀಗಾಗಿ ಏನೋ ಆಗಿದೆ ಎಂಬ ಸುಳಿವೂ ಸಿಗುವುದಿಲ್ಲ. ಶಾರ್ಟ್‌ಕಟ್‌ಗಳನ್ನು ಒತ್ತದೆ, ಪೆನ್‌ಡ್ರೈವ್ ಗುರುತಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನ ಆಯ್ಕೆಗಳಲ್ಲಿ ಅಡಗಿದ ಕಡತಗಳನ್ನು ತೋರಿಸುವಂತೆಯೂ, ವ್ಯವಸ್ಥೆಯ ಸಂರಕ್ಷಿತ ಕಡತಗಳನ್ನು ಮರೆಮಾಡದಂತೆಯೂ ಹೊಂದಿಸಿದರೆ ನಿಮ್ಮ ಫೋಲ್ಡರುಗಳು ಮಸುಕಾಗಿ ಕಾಣುತ್ತವೆ. ಒಳಗಿನ ದಾಖಲೆಗಳನ್ನು ಬೇರೆಡೆಗೆ ಕಾಪಿ ಮಾಡಿಕೊಂಡು ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ನನ್ನ ಪದ್ಧತಿ ಏನೆಂದರೆ ಅಂಗಡಿಗೆ ಕೊಡುವ ಪೆನ್‌ಡ್ರೈವೇ ಬೇರೆ, ಅದರಲ್ಲಿ ಪ್ರಿಂಟ್ ಆಗಬೇಕಾದ ಪಿಡಿಎಫ್ ಬಿಟ್ಟು ಬೇರೇನೂ ಇರುವುದಿಲ್ಲ. ಅಂಗಡಿಯವರನ್ನು ದೂರಿ ಫಲವಿಲ್ಲ. ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಅದು.

ಪ್ರಶ್ನೆ: ಕನ್ನಡ ಟೈಪಿಂಗ್ ತಂತ್ರಾಂಶವನ್ನೇ ವೈರಸ್ ಎನ್ನುತ್ತಿದೆ. ಏನು ಮಾಡಲಿ?

ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ಹಿಡಿದು ಅದನ್ನು ಕನ್ನಡ ಅಕ್ಷರವಾಗಿ ಬದಲಿಸುವುದು ಟೈಪಿಂಗ್ ತಂತ್ರಾಂಶದ ಕೆಲಸ. ನೀವು ಒತ್ತುವ ಪ್ರತಿ ಕೀಲಿಯನ್ನೂ ಹಿಡಿದು ಕಳ್ಳರಿಗೆ ಕಳಿಸುವುದು ಕೀಲಾಗರ್ ಎಂಬ ಕುತಂತ್ರಾಂಶದ ಕೆಲಸ. ಮೇಲ್ನೋಟಕ್ಕೆ ಎರಡರ ನಡವಳಿಕೆಯೂ ಒಂದೇ ರೀತಿ ಕಾಣುವುದರಿಂದ ಆ್ಯಂಟಿವೈರಸ್ ಎಡವಬಹುದು. ಹಾಗೆಂದು ಎಲ್ಲ ಎಚ್ಚರಿಕೆಯನ್ನೂ ಎಡವಿದ್ದೇ ಎಂದುಕೊಳ್ಳಬೇಡಿ. ಅದನ್ನು ತಯಾರಕರ ಜಾಲತಾಣದಿಂದಲೇ ಇಳಿಸಿಕೊಂಡಿದ್ದೀರಾ, ಅಥವಾ ಯಾರೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೇ ಎಂಬುದು ಮೊದಲ ಪ್ರಶ್ನೆ. ವೈರಸ್ ಟೋಟಲ್ ಎಂಬ ಉಚಿತ ತಾಣಕ್ಕೆ ಆ ಕಡತವನ್ನು ಏರಿಸಿದರೆ ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ; 2004ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಅದು 2012ರಿಂದ ಗೂಗಲ್ ಕೈಯಲ್ಲಿದೆ. ಹೆಸರು ಕೇಳದ ಒಂದೆರಡು ಮಾತ್ರ ಕೆಂಪು ತೋರಿಸಿದರೆ ಬಹುಶಃ ತಪ್ಪು ಎಚ್ಚರಿಕೆ, ಇಪ್ಪತ್ತು ಮೂವತ್ತು ಕೆಂಪಾದರೆ ಅಳಿಸಿಬಿಡಿ. ಆಧಾರ್, ಕ್ರಯಪತ್ರ ಮುಂತಾದ ಖಾಸಗಿ ದಾಖಲೆಗಳನ್ನು ಮಾತ್ರ ಅಲ್ಲಿಗೆ ಏರಿಸಬೇಡಿ, ಏರಿಸಿದ ಕಡತಗಳು ಸುರಕ್ಷತಾ ಕಂಪನಿಗಳ ಕೈಗೂ ಸಿಗುತ್ತವೆ.

ಪ್ರಶ್ನೆ: ಫೈಲುಗಳಿಗೆಲ್ಲ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ನಿಂದ ಉಚಿತ ಆ್ಯಂಟಿವೈರಸ್ ಕಾಪಾಡುತ್ತದೆಯೇ?

ಬಹಳಷ್ಟು ಸಲ, ಎಲ್ಲ ಸಲ ಅಲ್ಲ. 2017ರ ಮೇ ತಿಂಗಳಲ್ಲಿ ಜಗತ್ತನ್ನೆಲ್ಲ ಆವರಿಸಿದ ವಾನಾಕ್ರೈ ಎಂಬ ಇಂಥ ಬೀಗದ ತಂತ್ರಾಂಶ ಬಳಸಿಕೊಂಡ ವಿಂಡೋಸ್‌ನ ಬಿರುಕಿಗೆ, ಎಂದರೆ ಭದ್ರತೆಯ ದೋಷಕ್ಕೆ, ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಅಪ್‌ಡೇಟ್ ಮೂಲಕ ತೇಪೆ ಹಾಕಿತ್ತು. ‘ಅಪ್‌ಡೇಟ್ ಆಮೇಲೆ’ ಎಂದು ಮುಂದೂಡಿದವರು ಸಿಕ್ಕಿಬಿದ್ದರು. ಡಿಫೆಂಡರ್‌ನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬುದೊಂದಿದೆ. ಅಪರಿಚಿತ ತಂತ್ರಾಂಶವು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳಲ್ಲಿ ಬದಲಾವಣೆ ಮಾಡದಂತೆ ಅದು ತಡೆಯುತ್ತದೆ. ಮೊದಲಿಗೆ ಆಫ್ ಆಗಿರುತ್ತದೆ, ನೀವೇ ಆನ್ ಮಾಡಬೇಕು; ಆನ್ ಮಾಡಿದ ವಾರದಲ್ಲಿ ಒಂದೆರಡು ಒಳ್ಳೆಯ ತಂತ್ರಾಂಶಗಳನ್ನೂ ತಡೆದು ಪೀಡಿಸಬಹುದು, ಅವಕ್ಕೆ ಅನುಮತಿ ಕೊಟ್ಟರೆ ಆಮೇಲೆ ಸುಮ್ಮನಾಗುತ್ತದೆ. ಫೋಟೋಗಳ ಇನ್ನೊಂದು ಪ್ರತಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಬೀರುವಿನಲ್ಲಿರಲಿ. ಸದಾ ಚುಚ್ಚಿಟ್ಟ ಡಿಸ್ಕಿಗೂ ಬೀಗ ಬೀಳುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ವಿಂಡೋಸ್ ಹಾಕಿಸಿದ್ದೇನೆ. ಡಿಫೆಂಡರ್ ಆನ್ ಆಗುವುದೇ ಇಲ್ಲ.

ಪರವಾನಗಿಯಿಲ್ಲದ ವಿಂಡೋಸ್‌ಗೆ ಅದು ಅಸಲಿಯಂತೆ ನಡೆಯಲೆಂದು ಹಾಕುವ ಕ್ರ್ಯಾಕ್ ಎಂಬ ಸಾಧನವನ್ನು ಡಿಫೆಂಡರ್ ಅಪಾಯವೆಂದೇ ಹಿಡಿಯುತ್ತದೆ. ಆದ್ದರಿಂದ ಹಾಕುವವರು ಮೊದಲು ಡಿಫೆಂಡರ್‌ನ ಬಾಯಿ ಕಟ್ಟುತ್ತಾರೆ. ಅಂಥ ಕ್ರ್ಯಾಕ್‌ನೊಳಗೆ ಇನ್ನೇನು ಕೂತಿದೆಯೆಂದು ಹಾಕಿದವರಿಗೂ ಗೊತ್ತಿರುವುದಿಲ್ಲ. ಅದರ ಮೇಲೆ ಯಾವ ಆ್ಯಂಟಿವೈರಸ್ ಹಾಕಿದರೂ ಬುನಾದಿಯಿಲ್ಲದ ಗೋಡೆಗೆ ಬಣ್ಣ ಬಳಿದ ಹಾಗೆ. ಅಸಲಿ ಪರವಾನಗಿ ಕೊಳ್ಳಿ, ಇಲ್ಲವೆ ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಮಿಂಟ್ ಎಂಬ ಬದಲಿ ವ್ಯವಸ್ಥೆಯನ್ನು ಹಾಕಿಸಿ.

ಪ್ರಶ್ನೆ: ನನ್ನದು ಇನ್ನೂ ವಿಂಡೋಸ್ 10. ಡಿಫೆಂಡರ್ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ ಡಿಫೆಂಡರ್‌ಗೆ ವೈರಸ್ ಗುರುತುಗಳನ್ನು (ಹೊಸ ವೈರಸ್ಸುಗಳನ್ನು ಗುರುತಿಸಲು ಬೇಕಾದ ಮಾಹಿತಿಯನ್ನು) 2028ರ ಅಕ್ಟೋಬರ್‌ವರೆಗೆ ಒದಗಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಆದರೆ ಗುರುತುಗಳು ಬೇರೆ, ವಿಂಡೋಸ್‌ನಲ್ಲೇ ಇರುವ ಬಿರುಕುಗಳಿಗೆ ಬೀಳುವ ತೇಪೆ ಬೇರೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ ತೇಪೆಗಳು 2026ರ ಅಕ್ಟೋಬರ್ 13ರವರೆಗೆ ಸಿಗುತ್ತವೆಂದು ಕಂಪನಿ ಘೋಷಿಸಿತ್ತು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಅದರ ಕೊಂಡಿ ಇರುತ್ತದೆ. ವಿಂಡೋಸ್ 7ರಲ್ಲೇ ಇರುವವರು ಆ್ಯಂಟಿವೈರಸ್ ಹುಡುಕುವುದನ್ನು ಬಿಟ್ಟು ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸವನ್ನು ನಿಲ್ಲಿಸುವುದು ಮೇಲು.

ಪ್ರಶ್ನೆ: ಸರ್ಕಾರದ ವತಿಯಿಂದ ಏನಾದರೂ ಉಚಿತವಾಗಿ ಸಿಗುತ್ತದೆಯೇ?

ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್ ಇನ್ ಸಂಸ್ಥೆ 2017ರ ಫೆಬ್ರವರಿಯಿಂದ ಸೈಬರ್ ಸ್ವಚ್ಛತಾ ಕೇಂದ್ರವನ್ನು ನಡೆಸುತ್ತಿದ್ದು, ಭಾರತೀಯ ಆ್ಯಂಟಿವೈರಸ್ ಕಂಪನಿಗಳ ಸಹಯೋಗದಲ್ಲಿ ತಯಾರಾದ ಸ್ವಚ್ಛಗೊಳಿಸುವ ಸಾಧನಗಳನ್ನು ಅದರ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಇವು ಸೋಂಕು ತಗುಲಿದ ಮೇಲೆ ಓಡಿಸುವಂಥವು, ಸದಾ ಕಾಯುವ ಆ್ಯಂಟಿವೈರಸ್‌ಗಳಲ್ಲ. ವೈರಸ್ ನೆಪದಲ್ಲಿ ಯಾರಾದರೂ ಫೋನ್ ಮಾಡಿ ಖಾತೆಯಿಂದ ಹಣ ಎಳೆದಿದ್ದರೆ ತಂತ್ರಾಂಶ ಹುಡುಕುತ್ತ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಇಷ್ಟು ಮೌನವಾಗಿದ್ದರೆ ಅದು ಎಚ್ಚರವಾಗಿದೆಯೋ ನಿದ್ದೆ ಮಾಡುತ್ತಿದೆಯೋ ತಿಳಿಯುವುದು ಹೇಗೆ?

ಇದಕ್ಕೆಂದೇ ಐಕಾರ್ ಎಂಬ ಯುರೋಪಿನ ಸಂಸ್ಥೆಯ ಹೆಸರಿನಲ್ಲಿ ಒಂದು ನಿರುಪದ್ರವಿ ಪರೀಕ್ಷಾ ಕಡತವಿದೆ. ಅದರಲ್ಲಿರುವುದು 68 ಅಕ್ಷರಗಳ ಒಂದೇ ಒಂದು ಸಾಲು. ಯಾವ ಹಾನಿಯನ್ನೂ ಮಾಡದ ಆ ಸಾಲನ್ನು ಕಂಡರೆ ವೈರಸ್ ಕಂಡಂತೆಯೇ ವರ್ತಿಸಬೇಕೆಂದು ಆ್ಯಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಐಕಾರ್‌ನ ತಾಣದಿಂದ ಅದನ್ನು ಇಳಿಸಿಕೊಳ್ಳಲು ಪ್ರಯತ್ನಿಸಿ. ಇಳಿಯುವ ಮೊದಲೇ ಬ್ರೌಸರ್ ತಡೆಯಬಹುದು, ಅಥವಾ ಇಳಿದ ಕ್ಷಣವೇ ಡಿಫೆಂಡರ್ ಅದನ್ನು ಎತ್ತಿಹಾಕಿ ಮೂಲೆಯಲ್ಲಿ ಒಂದು ಚೀಟಿ ತೋರಿಸಬಹುದು. ಎರಡೂ ಆಗದೆ ಕಡತ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಆರಾಮವಾಗಿ ಕುಳಿತಿದ್ದರೆ, ಮೊದಲ ಪ್ರಶ್ನೆಯಲ್ಲಿ ಹೇಳಿದ ಹಸಿರು ಗುರುತನ್ನು ಮತ್ತೊಮ್ಮೆ ಹೋಗಿ ನೋಡಿ.